ಬಾನೆಟ್ಟಿಗೆ ಸವರಿದ ಹೊಂಗೆ ಎಣ್ಣೆ

ಅಂಬಾಸಿಡರ್ ಕಾರು ಕೊಟ್ಟಿಗೆಯಿಂದ ಹೊರಗೆ ಬಂದ ದಿನದಿಂದ ಲಕ್ಷ್ಮೀದೇವಮ್ಮ ಹೊತ್ತಿಗೆ ಎರಡು ಮುದ್ದೆ ಹೆಚ್ಚಿಗೆ ಕಟ್ಟತೊಡಗಿದಳು. ಬಣ್ಣ ಹೊಡೆಯಲೆಂದು ಸೊಸೆ ವಾಣಿಶ್ರೀಯ ತಂದೆ ಚಿಕ್ಕಬೀರಪ್ಪ ಹೊಸಕೋಟೆಯಿಂದ ಬಂದು ತೂಬಗೆರೆಯ ಈ ಮನೆಯಲ್ಲೇ ಉಳಿದುಕೊಂಡಿದ್ದ. ಎಪ್ಪತ್ತು ದಾಟಿದ ಆಸಾಮಿ, ನಲವತ್ತು ವರ್ಷ ಲಾರಿ ಬಾಡಿ ಕಟ್ಟುವ ಶೆಡ್ಡುಗಳಲ್ಲಿ ಬಣ್ಣ ಹೊಡೆದವನು. ಮಗಳ ಮನೆಯಲ್ಲಿ ಬಿಟ್ಟಿ ಊಟ ಮಾಡಬಾರದೆಂದು ಬರುವಾಗಲೇ ಅರ್ಧ ಮೂಟೆ ರಾಗಿ, ಒಂದು ಚೀಲ ಅವರೆಕಾಯಿಯನ್ನು ತನ್ನ ಟಿವಿಎಸ್ ಮೇಲೆ ಹೇರಿಕೊಂಡು ಬಂದಿದ್ದ.

"ಇದೇನ್ ಬೀಗ್ರೇ, ನಮ್ಮನೇಲಿ ರಾಗಿ ಇಲ್ಲ ಅಂತ್ಲಾ?" ಎಂದು ಲಕ್ಷ್ಮೀದೇವಮ್ಮನ ಗಂಡ ವೆಂಕಟರಾಯಪ್ಪ ಕೇಳಿದ.

"ಇದೆ ಸ್ವಾಮಿ. ಇದು ಹೊಸಕೋಟೆ ರಾಗಿ, ಅದು ತೂಬಗೆರೆ ರಾಗಿ. ಎರಡೂ ಬೆರೆಸಿ ತಿನ್ನೋಣ ಬಿಡಿ."

"ಕೂಲಿ ಎಷ್ಟು ಅಂತ ಮೊದಲೇ ಹೇಳ್ಬಿಡಿ."

"ಮಗಳ ಮನೆ ಕಾರಿಗೆ ಕೂಲಿನಾ? ಎಲೆ ಅಡಿಕೆಗೆ ಕೊಡ್ಸಿ, ಸಾಕು."

ಆ ಕಾರನ್ನು ವೆಂಕಟರಾಯಪ್ಪ ಮೂವತ್ತೈದು ವರ್ಷದ ಹಿಂದೆ, ರೇಷ್ಮೆಗೂಡಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದ. ಹನ್ನೊಂದು ವರ್ಷದಿಂದ ಅದು ಟಾರ್ಪಾಲು ಹೊದ್ದು ದನಗಳ ಪಕ್ಕ ಮಲಗಿತ್ತು. ಕಳೆದ ದಸರಾ ಹೊತ್ತಿಗೆ ಮಗ ಕೆಂಪರಾಜ್‌ಗೆ ಸೋಂಪುರದ ಕಾರ್ಖಾನೆಯಲ್ಲಿ ಗುತ್ತಿಗೆ ಮುಗಿದು ಕೆಲಸ ಹೋಯಿತು. ಒಂದು ತಿಂಗಳು ಮನೆಯಲ್ಲಿ ಕೂತವನಿಗೆ ಕೊನೆಗೆ ಕಂಡದ್ದು ಈ ಕಾರು. ಈಗಿನ ಮದುವೆಗಳಲ್ಲಿ ಹೆಣ್ಣು-ಗಂಡು ಹಳೆಯ ಕಾರಿನಿಂದಲೇ ಇಳಿಯಬೇಕಂತೆ, ಒಂದು ದಿನಕ್ಕೆ ಎಂಟು ಹತ್ತು ಸಾವಿರ ಬಾಡಿಗೆಯಂತೆ. ದೇವನಹಳ್ಳಿಯ ಆದಿನಾರಾಯಣಪ್ಪ ಎಂಬ ಶ್ರೀಮಂತರು ಜನವರಿ ಕೊನೆಯಲ್ಲಿ ಮಗಳ ಮದುವೆಗೆ ಕಾರು ಬೇಕೆಂದು ಮುಂಗಡವನ್ನೂ ಕೊಟ್ಟರು. ಅದೊಂದು ಚೆನ್ನಾಗಿ ಆದರೆ ಇನ್ನು ಮುಂದಿನ ಮದುವೆಗಳನ್ನೆಲ್ಲ ನಿಮಗೇ ಹೇಳುತ್ತೇನೆಂದು ಆ ಮದುವೆ ನಡೆಯುವ ಛತ್ರದ ಮ್ಯಾನೇಜರು ಮಾತು ಕೊಟ್ಟ.

ಎಂಜಿನ್ನು ಹೇಗೋ ಉಸಿರಾಡಿತು. ಉಳಿದದ್ದು ಮೇಲಿನ ಬಣ್ಣ, ಒಳಗಿನ ಸೀಟು. ಅದಕ್ಕೆ ವಾಣಿಶ್ರೀ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಆರು ವರ್ಷ ಹೊಲಿದು ಕೂಡಿಟ್ಟಿದ್ದ ನಲವತ್ತೆಂಟು ಸಾವಿರ ರೂಪಾಯಿ ತಂದು ಮೇಜಿನ ಮೇಲಿಟ್ಟಳು.

"ಇಷ್ಟೇ. ಇದರ ಮೇಲೆ ಒಂದು ರೂಪಾಯಿನೂ ಇಲ್ಲ. ಸೀಟು ಹೊರಗಡೆ ಕೊಡೋದು ಬೇಡ, ನಾನೇ ಹೊಲೀತೀನಿ."

"ನೀನು ಹೊಲಿಯೋದು ಶರಟು ಕಣೆ," ಎಂದ ಕೆಂಪರಾಜ್. "ಇದು ರೆಕ್ಸಿನ್ನು."

"ರೆಕ್ಸಿನ್ನಿಗೂ ಸೂಜಿ ದಾರಾನೇ ಅಲ್ವಾ ಬೇಕಾಗಿರೋದು? ಕೂಲಿ ಉಳಿಯುತ್ತೆ, ಸುಮ್ನಿರಿ."

ಲಕ್ಷ್ಮೀದೇವಮ್ಮನಿಗೆ ಈ ಸೊಸೆಯ ಬಗ್ಗೆ ಈಚೆಗೆ ಹೆಮ್ಮೆ. ಮೊದಲ ಎಂಟು ವರ್ಷ ಇಬ್ಬರಿಗೂ ಸರಿಬಿದ್ದಿರಲಿಲ್ಲ. ಒಂದೇ ಒಲೆಯ ಮೇಲೆ ಎರಡು ಸಾರು ಕುದಿದ ದಿನಗಳೂ ಇದ್ದವು. ಈಗ ಸಂಬಳದ ದಿನ ವಾಣಿಶ್ರೀ ಮೈಸೂರುಪಾಕು ತಂದರೆ ಮೊದಲ ತುಂಡು ಅತ್ತೆಗೆ. ಇದನ್ನು ಗಳಿಸಿದ್ದು ಎಷ್ಟು ಕಷ್ಟದಿಂದ ಎಂಬುದು ಲಕ್ಷ್ಮೀದೇವಮ್ಮನಿಗೆ ಮಾತ್ರ ಗೊತ್ತು.

ಮನೆಯಲ್ಲಿ ಜಗಳವೆಂದರೆ ಅವಳಿಗೆ ಮೊದಲಿನಿಂದಲೂ ಆಗದು. ಅದಕ್ಕೆ ಅವಳು ಕಂಡುಕೊಂಡ ಉಪಾಯ ಒಂದೇ. ಯಾರು ಏನು ಒಡೆದರೂ "ನನ್ನಿಂದ್ಲೇ ಆಯ್ತು ಬಿಡ್ರಪ್ಪ" ಎಂದುಬಿಡುವುದು. ಮೊಮ್ಮಗಳು ಶಿಲ್ಪ ಟಿವಿ ರಿಮೋಟು ಒಡೆದಾಗ ಹಾಗೆಂದಿದ್ದಳು. ಕೆಂಪರಾಜ್ ಮೋಟಾರು ನಿಲ್ಲಿಸಲು ಮರೆತು ಅದು ಸುಟ್ಟುಹೋದಾಗಲೂ ಹಾಗೇ ಅಂದಿದ್ದಳು. ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ಅಂಥ ಕಷ್ಟದ ಕೆಲಸವೇನೂ ಅಲ್ಲ, ಯಾರೂ ನಿಜವಾಗಿ ಬೈಯುವುದಿಲ್ಲ. ಅವಳ ಈ ಅಭ್ಯಾಸ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನೆಂಟರಿಷ್ಟರಿಗೂ ಗೊತ್ತಿತ್ತು.

ಮೂರು ವಾರ ಅಂಗಳದಲ್ಲಿ ಉಜ್ಜುವುದೇ ಉಜ್ಜುವುದು. ಚಿಕ್ಕಬೀರಪ್ಪ ಹಳೆಯ ಬಣ್ಣ ಕೆರೆದು, ತಗ್ಗಿಗೆ ಪುಟ್ಟಿ ತುಂಬಿ, ಪ್ರೈಮರ್ ಹೊಡೆದು, ಮರಳುಕಾಗದವನ್ನು ನೀರಿನಲ್ಲಿ ಅದ್ದಿ ಅದ್ದಿ ತಿಕ್ಕುತ್ತಿದ್ದ. ಅಳಿಯನಿಗೂ ಕಲಿಸಿದ. ಕೆಂಪರಾಜ್ ಅರ್ಧ ಗಂಟೆಗೆ ಸೊಂಟ ಹಿಡಿದುಕೊಂಡು ಕೂರುತ್ತಿದ್ದ.

"ಅಳಿಯಂದ್ರೇ, ಮಿಷಿನ್ನು ನಡೆಸಿದ ಕೈ ನಿಮ್ದು. ಇದು ಅಂಗೈ ಕೆಲಸ. ಕಣ್ಣು ಮುಚ್ಚಿ ಸವರಿ ನೋಡಿ, ಎಲ್ಲಿ ತಗ್ಗಿದೆ ಅಂತ ಅದೇ ಹೇಳುತ್ತೆ."

ವಾಣಿಶ್ರೀ ಕೆಲಸದಿಂದ ಬಂದು, ಮುಖ ತೊಳೆದು, ಮೆರೂನ್ ಬಣ್ಣದ ರೆಕ್ಸಿನ್ನನ್ನು ಮಿಷನ್ನಿನ ಕೆಳಗೆ ತಳ್ಳುತ್ತಿದ್ದಳು. ಎರಡು ಸೂಜಿ ಮುರಿದವು. ಬಿಳಿ ಅಂಚು ಇಡುವುದೋ ಕಪ್ಪು ಅಂಚೋ ಎಂದು ಗಂಡ-ಹೆಂಡತಿ ಎರಡು ದಿನ ವಾದ ಮಾಡಿದರು. ಕೊನೆಗೆ ಯಾವುದರ ಸುರುಳಿ ಅಗ್ಗವೋ ಅದು ಗೆದ್ದಿತು.

ಡಿಸೆಂಬರ್ ಕೊನೆಯಲ್ಲಿ ಒಂದು ಸಂಜೆ ಚಿಕ್ಕಬೀರಪ್ಪ ಕೈಕಾಲು ತೊಳೆದುಕೊಂಡು, "ನಾಳೆ ಬೆಳಗ್ಗೆ ಗಾಳಿ ಏಳೋಕ್ ಮುಂಚೆ ಬಣ್ಣ ಹೊಡೆದ್ಬಿಡೋಣ" ಎಂದ. ಗಂಡಸರು ಮೂವರೂ ಬಣ್ಣ, ಬಾಡಿಗೆಯ ಕಂಪ್ರೆಸರ್ ತರಲು ದೊಡ್ಡಬಳ್ಳಾಪುರಕ್ಕೆ ಹೋದರು. ವಾಣಿಶ್ರೀ ಇನ್ನೂ ಕೆಲಸದಿಂದ ಬಂದಿರಲಿಲ್ಲ, ಶಿಲ್ಪ ಟ್ಯೂಷನ್ನಿಗೆ ಹೋಗಿದ್ದಳು. ಲಕ್ಷ್ಮೀದೇವಮ್ಮ ಹಸು ಕಟ್ಟಲು ಅಂಗಳಕ್ಕೆ ಬಂದಾಗ ಕಾರಿನ ಬಾನೆಟ್ಟು, ಚಾವಣಿಯ ತಲೆಭಾಗ, ಮುಂದಿನ ಎರಡು ಮಡ್‌ಗಾರ್ಡು ಅಲ್ಲಲ್ಲಿ ಉಜ್ಜಿ ಉಜ್ಜಿ ಬಿಳಿ ತಗಡು ಮಿನುಗುತ್ತಿರುವುದು ಕಂಡಿತು.

ಬರೀ ಕಬ್ಬಿಣ ಇಬ್ಬನಿಗೆ ಸಿಕ್ಕರೆ ಬೆಳಗಾಗುವುದರೊಳಗೆ ಕೆಂಪಾಗುತ್ತದೆ. ಈ ಮನೆಯಲ್ಲಿ ಕುಡುಗೋಲಾಗಲಿ ಗುದ್ದಲಿಯಾಗಲಿ ನೇಗಿಲಿನ ಗುಳವಾಗಲಿ ಹೊಂಗೆ ಎಣ್ಣೆ ಸವರದೆ ಗೋಡೆಗೆ ಏರಿದ್ದೇ ಇಲ್ಲ. ನಲವತ್ತನಾಲ್ಕು ವರ್ಷದಿಂದ ಅದು ಅವಳದೇ ಕೆಲಸ. ಈ ಗಂಡಸರಿಗೆ ಅಷ್ಟೂ ತಿಳಿಯದೇ ಎಂದು ಗೊಣಗಿಕೊಂಡು ಎಣ್ಣೆ ಡಬ್ಬ ತಂದಳು. ಹಳೆಯ ಸೀರೆಯ ತುಂಡಿನಿಂದ ಬಾನೆಟ್ಟಿಗೆ, ತಲೆಗೆ, ಮಡ್‌ಗಾರ್ಡಿಗೆ ತೆಳುವಾಗಿ ಸವರಿದಳು. ಬಾಗಿಲುಗಳಲ್ಲಿ ತಗಡು ಕಾಣುತ್ತಿರಲಿಲ್ಲ, ಅವನ್ನು ಮುಟ್ಟಲಿಲ್ಲ. ಅಂಗೈಗೆ ಪಸೆ ಹತ್ತದಷ್ಟು ಒಣಬಟ್ಟೆಯಲ್ಲಿ ಒರೆಸಿ ಒಳಗೆ ಹೋದಳು. ಯಾರಿಗೂ ಹೇಳಲಿಲ್ಲ. ಕುಡುಗೋಲಿಗೆ ಎಣ್ಣೆ ಸವರಿದೆನೆಂದು ಯಾರಾದರೂ ಸಾರಿಕೊಂಡು ಬರುತ್ತಾರೆಯೇ?

ಮರುದಿನ ವಾಣಿಶ್ರೀ ರಜೆ ಹಾಕಿದಳು. ಧೂಳು ಏಳದಂತೆ ಅಂಗಳಕ್ಕೆ ನೀರು ಚಿಮುಕಿಸಿ ಎಲ್ಲರೂ ಜಗಲಿಯ ಮೇಲೆ ಸಾಲಾಗಿ ಕೂತರು. ಚಿಕ್ಕಬೀರಪ್ಪ ಬಟ್ಟೆಯನ್ನು ತಿನ್ನರ್‌ನಲ್ಲಿ ಅದ್ದಿ ಇಡೀ ಕಾರನ್ನು ಒರೆಸಿದ. ಯಾರೂ ಅದನ್ನು ಗಮನವಿಟ್ಟು ನೋಡಲಿಲ್ಲ, ಶಿಲ್ಪ ಫೋನಿನಲ್ಲಿದ್ದಳು, ಕೆಂಪರಾಜ್ ಕಂಪ್ರೆಸರ್ ಜೊತೆ ಗುದ್ದಾಡುತ್ತಿದ್ದ. ನಲವತ್ತು ವರ್ಷ ತಿನ್ನರ್ ಕುಡಿದ ಚಿಕ್ಕಬೀರಪ್ಪನ ಮೂಗಿಗೆ ಬೇರೆ ಯಾವ ವಾಸನೆಯೂ ತಿಳಿಯುವಂತಿರಲಿಲ್ಲ. ಬಣ್ಣದ ಗನ್ನು ಎತ್ತಿ ಹಣೆಗೆ ಮುಟ್ಟಿಸಿಕೊಂಡು ಹೊಡೆಯತೊಡಗಿದ. ಬಾಗಿಲುಗಳ ಮೇಲೆ ಕೆನೆಬಣ್ಣ ಹಾಲಿನ ಹಾಗೆ ಕೂತಿತು. ವೆಂಕಟರಾಯಪ್ಪ ಶಲ್ಯದಿಂದ ಕಣ್ಣು ಒರೆಸಿಕೊಂಡ.

ಬಾನೆಟ್ಟಿಗೆ ಬಂದಾಗ ಬಣ್ಣ ಕೂರಲಿಲ್ಲ. ಹೊಡೆದ ಕ್ಷಣ ಹಿಂದೆ ಸರಿದು ಹೆಸರುಕಾಳಿನಷ್ಟು ಗುಂಡು ಗುಳಿಗಳು ಬಿದ್ದವು. ಮೊದಲು ನಾಲ್ಕು, ಆಮೇಲೆ ನೂರು. ತಲೆಯ ಮೇಲೂ ಹಾಗೇ, ಮಡ್‌ಗಾರ್ಡಿನಲ್ಲೂ ಹಾಗೇ. ಚಿಕ್ಕಬೀರಪ್ಪ ಇನ್ನೊಂದು ಕೈ ಹೊಡೆದ. ಗುಳಿಗಳು ಇನ್ನೂ ಅಗಲವಾದವು.

"ಏನಾಯ್ತು ಮಾವ?"

"ಜಿಡ್ಡು," ಎಂದ ಚಿಕ್ಕಬೀರಪ್ಪ. ಅವನ ದನಿ ಕೆಳಗಿಳಿದಿತ್ತು. "ಕೆಳಗೆ ಎಣ್ಣೆ ಪಸೆ ಇದ್ರೆ ಮಾತ್ರ ಹಿಂಗಾಗೋದು. ಕಂಪ್ರೆಸರ್‌ನಿಂದ ಎಣ್ಣೆ ಬರ್ತಿದ್ಯಾ ನೋಡಿ."

ಕೆಂಪರಾಜ್ ಬಿಳಿ ಕಾಗದದ ಮೇಲೆ ಗಾಳಿ ಬಿಟ್ಟು ನೋಡಿದ. ಕಾಗದ ಬಿಳಿಯಾಗಿಯೇ ಇತ್ತು.

"ಕಂಪ್ರೆಸರ್‌ದಾಗಿದ್ರೆ ಬಾಗಿಲೂ ಕೆಡಬೇಕಿತ್ತಲ್ಲ ಬೀಗ್ರೇ," ಎಂದ ವೆಂಕಟರಾಯಪ್ಪ. "ಬಾಗಿಲು ಒರೆಸಿದ್ರಿ. ಬಾನೆಟ್ಟು ಒರೆಸೋದು ಮರೆತ್ರಿ."

"ಇಲ್ಲ ಸ್ವಾಮಿ. ಎಲ್ಲಾ ಒರೆಸಿದ್ದೆ."

"ಒರೆಸಿದ್ರೆ ಜಿಡ್ಡು ಎಲ್ಲಿಂದ ಬಂತು? ಆಕಾಶದಿಂದ ಉದುರ್ತಾ?"

ಲಕ್ಷ್ಮೀದೇವಮ್ಮ ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಜಿಡ್ಡು ಎಂಬ ಮಾತು ಕೇಳಿದ್ದೇ ಹಿಂದಿನ ಸಂಜೆಯ ಎಣ್ಣೆ ಡಬ್ಬ ನೆನಪಾಯಿತು. ಬಾಯಿ ತೆರೆದಳು. ಎದುರಿಗೆ ವಾಣಿಶ್ರೀ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದಳು. ಹದಿನಾಲ್ಕು ಸಾವಿರದ ಬಣ್ಣ ಹಾಳಾಗಿತ್ತು, ಅವಳ ಆರು ವರ್ಷದ ದುಡ್ಡು. ಕಾಫಿ ಕುಡಿದು ಸಮಾಧಾನ ಆಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಕಾಫಿ ಆಯಿತು. ಊಟ ಆಗಲಿ ಎಂದುಕೊಂಡಳು. ಊಟವೂ ಆಯಿತು. ಅಷ್ಟರಲ್ಲಿ ಮನೆಯವರೆಲ್ಲ ಚಿಕ್ಕಬೀರಪ್ಪನೇ ಮರೆತನೆಂದು ತೀರ್ಮಾನ ಮಾಡಿಯಾಗಿತ್ತು. ಇದುವರೆಗೆ ಎಷ್ಟೋ ತಪ್ಪುಗಳನ್ನು ತನ್ನದೆಂದು ಸಲೀಸಾಗಿ ಹೇಳಿದವಳಿಗೆ ನಿಜವಾಗಿ ತನ್ನದೇ ಆದ ಒಂದನ್ನು ಹೇಳಲು ನಾಲಿಗೆ ಏಳಲಿಲ್ಲ.

ಚಿಕ್ಕಬೀರಪ್ಪ ಹಾಳಾದ ಬಣ್ಣವನ್ನು ಒಬ್ಬನೇ ಕೆರೆಯತೊಡಗಿದ. ಊಟಕ್ಕೆ ಕರೆದರೆ, "ಹಸಿವಿಲ್ಲ ತಾಯಿ, ಆಮೇಲೆ ಬರ್ತೀನಿ" ಎನ್ನುತ್ತಿದ್ದ. ಎರಡು ಮುದ್ದೆ ಉಣ್ಣುತ್ತಿದ್ದವನು ಅರ್ಧಕ್ಕಿಳಿದ. ಮೊದಲ ವಾರವೆಲ್ಲ ಅವನು ಗಟ್ಟಿಯಾಗಿಯೇ ಹೇಳಿದ:

"ಒರೆಸಿದ್ದೆ ಕಣಮ್ಮ ವಾಣಿ. ಬಾಗಿಲು ಆದ್ಮೇಲೆ ಬಾನೆಟ್ಟು, ಆಮೇಲೆ ತಲೆ. ಯಾವಾಗ್ಲೂ ಹಂಗೇ ಅಲ್ವಾ ನಾನು ಒರೆಸೋದು?"

ಎರಡನೆಯ ವಾರ, "ಒರೆಸಿದ ಹಂಗೇ ನೆನಪು" ಎಂದ.

ಮೂರನೆಯ ವಾರದ ಹೊತ್ತಿಗೆ, "ಒರೆಸಿಲ್ಲ ಅನ್ಸುತ್ತೆ. ಒರೆಸಿದ್ರೆ ಹಂಗೆ ಯಾಕಾಗ್ತಿತ್ತು?" ಎಂದುಬಿಟ್ಟ.

ಈಗ ಅವನ ಪ್ರತಿ ಸಣ್ಣ ಮರೆವಿಗೂ ಮನೆಯವರ ಕಣ್ಣು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಹುಡುಕಿದ, ಅದೊಂದು. ಟಿವಿಎಸ್ಸಿನ ಪೆಟ್ರೋಲ್ ಮುಚ್ಚಳ ಬಂಕಿನಲ್ಲೇ ಬಿಟ್ಟು ಬಂದ, ಅದೊಂದು. ಇದೇ ಮನೆಯಲ್ಲಿ ವೆಂಕಟರಾಯಪ್ಪ ವಾರಕ್ಕೆರಡು ಸಲ ಚಪ್ಪಲಿ ಕಳೆದುಕೊಳ್ಳುತ್ತಿದ್ದ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ವಾಣಿಶ್ರೀ ಅಪ್ಪನ ಟಿವಿಎಸ್ ಕೀಲಿಯನ್ನು ಎತ್ತಿಟ್ಟಳು.

"ರೋಡಲ್ಲಿ ದಾರಿ ಮರೆತ್ರೆ ಏನಪ್ಪಾ ಮಾಡ್ತೀಯಾ?"

"ಹೊಸಕೋಟೆ ದಾರಿನಾ? ಮರೀತೀನಾ?"

"ಬಾನೆಟ್ಟು ಮರೀತೀನಿ ಅಂತ ಯಾರಾದ್ರೂ ಅಂದ್ಕೊಂಡಿದ್ರಾ?"

ಆ ಸಂಜೆಯೇ ವಾಣಿಶ್ರೀ ಬೆಂಗಳೂರಿನ ನರರೋಗದ ಡಾಕ್ಟರರ ಬಳಿ ಸೋಮವಾರಕ್ಕೆ ಹೆಸರು ಬರೆಸಿದಳು. ಸ್ಕ್ಯಾನಿಂಗಿಗೆ ಎಂಟು ಸಾವಿರ ಬೇಕಾಗಬಹುದೆಂದರು. ಕಾರಿನ ಒಳಗೆ ತಲೆಯ ಮೇಲೆ ಹೊದಿಸುವ ಬಟ್ಟೆ, ನೆಲಕ್ಕೆ ಹಾಸುವ ಮ್ಯಾಟು ಎರಡನ್ನೂ ಕೈಬಿಟ್ಟರು. ಮತ್ತೆ ಬಣ್ಣ ಹೊಡೆಯಲು ದೊಡ್ಡಬಳ್ಳಾಪುರದ ಗ್ಯಾರೇಜಿನವನನ್ನು ಕೇಳಿದರೆ ಅರವತ್ತು ಸಾವಿರ ಅಂದ. ಕೆಂಪರಾಜ್ ಆದಿನಾರಾಯಣಪ್ಪನವರ ಫೋನು ಬಂದರೆ ಎತ್ತದೆ ಹಿತ್ತಲಿಗೆ ಹೋಗುತ್ತಿದ್ದ.

ಲಕ್ಷ್ಮೀದೇವಮ್ಮ ಹೇಳಲು ಹೋಗಲಿಲ್ಲವೆಂದಲ್ಲ. ಒಂದು ದಿನ ಗಂಡನಿಗೆ ಮಜ್ಜಿಗೆ ಬಡಿಸುತ್ತ, "ಅವತ್ತು ಸಾಯಂಕಾಲ ನೀವೆಲ್ಲಾ ಬಳ್ಳಾಪುರಕ್ಕೆ ಹೋದಾಗ..." ಎಂದು ಶುರು ಮಾಡಿದಳು. "ಬಳ್ಳಾಪುರದ ಸುದ್ದಿ ಎತ್ಬೇಡ, ಆ ಬಣ್ಣದ ಅಂಗಡಿಯವನ ಮುಖ ನೋಡೋಕಾಗಲ್ಲ ನಂಗೆ" ಎಂದು ಅವನು ಎದ್ದುಹೋದ. ಇನ್ನೊಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೊಸೆಯನ್ನು ಹಿಡಿದಳು.

"ವಾಣಿ, ನಿಮ್ಮಪ್ಪನ ವಿಷ್ಯ ಒಂದು ಮಾತು."

"ಗೊತ್ತು ಅತ್ತೆ. ಎಲ್ಲಾರೂ ಒಂದೊಂದು ಅಂದ್ರು. ನೀವೊಬ್ರೇ ಏನೂ ಅನ್ಲಿಲ್ಲ. ಅದನ್ನ ನಾನು ಸಾಯೋವರೆಗೂ ಮರೆಯಲ್ಲ," ಎಂದು ವಾಣಿಶ್ರೀ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಲಕ್ಷ್ಮೀದೇವಮ್ಮ ಒದ್ದೆ ಲುಂಗಿ ಹಿಂಡಿ ಹಗ್ಗದ ಮೇಲೆ ಹಾಕಿ ಒಳಗೆ ಬಂದಳು.

ಶನಿವಾರ ಸಂಜೆ ಎಲ್ಲರೂ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಚುಕುತ್ತಿದ್ದರು. ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ. ಶಿಲ್ಪ ಮಾತ್ರ ಫೋನು ಹಿಡಿದಿದ್ದಳು.

"ಅಮ್ಮಾ, ಡಾಕ್ಟ್ರು ಕೇಳೋ ಪ್ರಶ್ನೆ ಎಲ್ಲಾ ಇದರಲ್ಲೇ ಇದೆ. ತಾತನ್ನ ಈಗ್ಲೇ ಕೇಳ್ಬಿಡ್ಲಾ?"

"ಕೇಳು," ಎಂದಳು ವಾಣಿಶ್ರೀ.

"ತಾತ, ಇವತ್ತು ಯಾವ ವಾರ?"

"ಶನಿವಾರ."

"ನೂರರಿಂದ ಏಳೇಳು ಕಳೀತಾ ಬನ್ನಿ."

"ತೊಂಬತ್ಮೂರು. ಎಂಬತ್ತಾರು. ಎಪ್ಪತ್ತೊಂಬತ್ತು." ಚಿಕ್ಕಬೀರಪ್ಪ ನಿಂತ. ಬೆರಳು ಮಡಚಿದ. ಕೈಯಲ್ಲಿದ್ದ ಅವರೆಕಾಳು ಜಾರಿ ಬಿತ್ತು. "ಎಪ್ಪತ್ತು... ಇರು, ಹೇಳ್ತೀನಿ."

ಯಾರೂ ಕಾಳು ಹಿಚುಕಲಿಲ್ಲ. ವಾಣಿಶ್ರೀ ಅಪ್ಪನ ಮುಂದೆ ಬಗ್ಗಿ ಕೇಳಿದಳು:

"ಅಪ್ಪಾ, ನನ್ನ ಹೆಸರೇನು?"

ಅವನು ಮಗಳನ್ನು ಸ್ವಲ್ಪ ಹೊತ್ತು ನೋಡಿದ. "ವಾಣಿ," ಎಂದ. ಆಮೇಲೆ ಮೆಲ್ಲಗೆ, "ಇನ್ನೂ ಗೊತ್ತಿದೆ ಕಣಮ್ಮ" ಎಂದ.

ಆ 'ಇನ್ನೂ' ಎಂಬ ಮಾತು ಲಕ್ಷ್ಮೀದೇವಮ್ಮನಿಗೆ ಕೇಳಿಸಿತು. ಒಂದು ದಿನ ಮಗಳ ಹೆಸರನ್ನೂ ಮರೆಯುತ್ತೇನೆಂದು ಆ ಮನುಷ್ಯ ಆಗಲೇ ಒಪ್ಪಿಕೊಂಡುಬಿಟ್ಟಿದ್ದ. ಒಪ್ಪಿಸಿದವಳು ತಾನು. ಅವಳು ಬೇಳೆಯ ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಸುಮ್ಮನೆ ಕೂತಳು.

ಭಾನುವಾರ ಮಧ್ಯಾಹ್ನ ಹಿತಕಬೇಳೆ ಸಾರು, ಮುದ್ದೆ. ಎಲ್ಲರ ತಟ್ಟೆಗೂ ಬಡಿಸಿ, ತಾನು ಕೂರದೆ, ನಿಂತುಕೊಂಡೇ ಹೇಳಿದಳು:

"ಬಾನೆಟ್ಟಿಗೆ ಎಣ್ಣೆ ಸವರಿದ್ದು ನಾನು. ತುಕ್ಕು ಹಿಡಿಯುತ್ತೆ ಅಂತ, ಹಿಂದಿನ ಸಾಯಂಕಾಲ, ಹೊಂಗೆ ಎಣ್ಣೆ. ಬೀಗ್ರಣ್ಣಂದು ಏನೂ ತಪ್ಪಿಲ್ಲ."

ಮೊದಲು ನಕ್ಕವಳು ಶಿಲ್ಪ.

"ಅಜ್ಜೀ, ರಿಮೋಟೂ ನೀವೇ, ಮೋಟಾರೂ ನೀವೇ, ಈಗ ಇದೂ ನೀವೇನಾ?"

"ಇವಳ ಬುದ್ಧಿನೇ ಹಿಂಗೆ," ಎಂದ ವೆಂಕಟರಾಯಪ್ಪ. "ಲೋಕದ ಪಾಪ ಎಲ್ಲಾ ಇವಳೇ ಹೊರಬೇಕು. ಕೂತ್ಕೊ, ಊಟ ಮಾಡು."

"ದೇವರಾಣೆ ನಾನೇ ಕಣ್ರೀ."

"ಮೋಟಾರು ಸುಟ್ಟಾಗ್ಲೂ ದೇವರಾಣೆ ಅಂದಿದ್ದೆ ನೀನು."

ಅದು ನಿಜವಾಗಿತ್ತು. ಚಿಕ್ಕಬೀರಪ್ಪ ಎಡಗೈಯಿಂದಲೇ ನಮಸ್ಕಾರದಂತೆ ಮಾಡಿ, "ನಿಮ್ಮ ದೊಡ್ಡತನ ತಾಯಿ. ನನ್ನ ಮಾನ ಉಳಿಸೋಕೆ ಇಷ್ಟು ಮಾಡ್ತಿದೀರಿ. ಬೇಡಿ. ನಂದು ನಂಗೆ ಗೊತ್ತು" ಎಂದ. ವಾಣಿಶ್ರೀ ಎದ್ದು ಬಂದು ಎಂಜಲು ಕೈಯನ್ನು ದೂರ ಹಿಡಿದು ಇನ್ನೊಂದು ಕೈಯಿಂದ ಅತ್ತೆಯ ಭುಜ ಒತ್ತಿದಳು. ಅವಳ ಕಣ್ಣಲ್ಲಿ ನೀರಿತ್ತು.

ಅಲ್ಲಿಗೆ ಬಿಟ್ಟಿದ್ದರೆ ಬಿಡಬಹುದಿತ್ತು. ಹೇಳಿಯೂ ಆಗಿತ್ತು, ಶಹಬ್ಬಾಸ್‌ಗಿರಿಯೂ ಸಿಕ್ಕಿತ್ತು. ಒಂದು ಗಳಿಗೆ ಲಕ್ಷ್ಮೀದೇವಮ್ಮನ ಮನಸ್ಸು ಆ ಕಡೆಗೇ ವಾಲಿತೆಂದು ಹೇಳದಿದ್ದರೆ ಸುಳ್ಳಾಗುತ್ತದೆ. ಭುಜದ ಮೇಲಿನ ಆ ಕೈ ಬೆಚ್ಚಗಿತ್ತು. ಆದರೆ ಊಟವಾದ ಮೇಲೆ ಚಿಕ್ಕಬೀರಪ್ಪ ಜಗಲಿಯಲ್ಲಿ ಕೂತು ಗನ್ನನ್ನು ಬಿಚ್ಚಿ, ಒರೆಸಿ, ಹಳೆಯ ಪೇಪರಿನಲ್ಲಿ ಸುತ್ತುವುದು ಕಂಡಿತು.

"ಅದ್ಯಾಕೆ ಅಣ್ಣಾ?"

"ಹೊಸಕೋಟೆ ಶೆಡ್ಡಲ್ಲಿ ಯಾರಾದ್ರೂ ತಗೋತಾರೆ. ನಂಗಿನ್ನು ಯಾತಕ್ಕೆ?"

ಅವಳು ನೇರ ಕೊಟ್ಟಿಗೆಗೆ ಹೋದಳು. ಕಾರಿನದೇ ಒಂದು ಹಳೆಯ ಮಡ್‌ಗಾರ್ಡು ಅಲ್ಲಿ ಬಿದ್ದಿತ್ತು. ತೀರಾ ತೂತಾಗಿದೆಯೆಂದು ಬದಲಾಯಿಸಿದ್ದರು. ಉಜ್ಜುವುದನ್ನು ಅಳಿಯನಿಗೆ ಕಲಿಸಲೆಂದು ಚಿಕ್ಕಬೀರಪ್ಪ ಅದಕ್ಕೂ ಪ್ರೈಮರ್ ಹೊಡೆದಿದ್ದ. ಅದನ್ನು ಎಳೆದು ತಂದು, ಅರ್ಧಕ್ಕೆ ಹೊಂಗೆ ಎಣ್ಣೆ ಸವರಿ, ಒಣಬಟ್ಟೆಯಲ್ಲಿ ಒರೆಸಿ, ಹಿತ್ತಲಿನ ಬಿಸಿಲಿಗಿಟ್ಟಳು. ಇನ್ನರ್ಧವನ್ನು ಮುಟ್ಟಲಿಲ್ಲ. ಎರಡು ಗಂಟೆ ಬಿಟ್ಟು ಮಗನನ್ನು ಕರೆದಳು.

"ಪಂಕ್ಚರ್ ಅಂಗಡಿಯಿಂದ ಕಂಪ್ರೆಸರ್ ತಗೊಂಡ್ ಬಾ."

"ಯಾಕಮ್ಮಾ? ದಿನಕ್ಕೆ ಆರ್ನೂರು ರೂಪಾಯಿ ಬಾಡಿಗೆ."

"ನನ್ನ ಹಾಲಿನ ದುಡ್ಡು ಕೊಡ್ತೀನಿ. ತಗೊಂಡ್ ಬಾ."

ಅವಳು ಯಾವತ್ತೂ ಹೀಗೆ ಗಟ್ಟಿಯಾಗಿ ಮಾತಾಡಿದವಳಲ್ಲ. ಕೆಂಪರಾಜ್ ಎದುರಾಡದೆ ಹೋದ. ನಾಲ್ಕು ಗಂಟೆಗೆ ಮಡ್‌ಗಾರ್ಡು ಅಂಗಳದಲ್ಲಿ ಕಲ್ಲಿನ ಮೇಲೆ ಕೂತಿತ್ತು. ಮನೆಯವರೆಲ್ಲ ಇದೇನು ಹುಚ್ಚೆಂದು ಸುತ್ತ ನಿಂತಿದ್ದರು. ಡಬ್ಬದ ತಳದಲ್ಲಿ ಕೆನೆಬಣ್ಣ ಒಂದು ಲೋಟದಷ್ಟು ಉಳಿದಿತ್ತು.

"ಅಣ್ಣಾ, ಇದಕ್ಕೆ ಬಣ್ಣ ಹೊಡೀರಿ."

"ನನ್ನ ಕೈಲಿ ಬೇಡ ತಾಯಿ."

"ಬೇರೆ ಯಾರ ಕೈಲೂ ಆಗಲ್ಲ. ಮೊದಲು ಒರೆಸಿ. ನೀವು ಯಾವಾಗ್ಲೂ ಹೆಂಗೆ ಒರೆಸ್ತೀರೋ ಹಂಗೇ. ಅರ್ಧಕ್ಕೆ ಎಣ್ಣೆ ಸವರಿದೀನಿ, ಅರ್ಧಕ್ಕಿಲ್ಲ. ಯಾವ ಅರ್ಧ ಅಂತ ನಾನು ಹೇಳಲ್ಲ."

ಚಿಕ್ಕಬೀರಪ್ಪ ಅವಳ ಮುಖವನ್ನೇ ನೋಡಿದ. ಪೇಪರಿನ ಸುತ್ತು ಬಿಚ್ಚಿದ. ಬಟ್ಟೆಯನ್ನು ತಿನ್ನರ್‌ನಲ್ಲಿ ಅದ್ದಿ ಮಡ್‌ಗಾರ್ಡಿನ ಈ ತುದಿಯಿಂದ ಆ ತುದಿಗೆ ಒರೆಸಿದ, ಮಡಿಕೆ ಬದಲಿಸಿ ಮತ್ತೊಮ್ಮೆ ಒರೆಸಿದ. ಈ ಸಲ ಎಲ್ಲರೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಶಿಲ್ಪ ಕೂಡ ಫೋನು ಕೆಳಗಿಟ್ಟಿದ್ದಳು. ಕಂಪ್ರೆಸರ್ ಗುಡುಗಿತು. ಗನ್ನನ್ನು ಹಣೆಗೆ ಮುಟ್ಟಿಸಿಕೊಂಡು ಅವನು ಬಣ್ಣ ಹಾಯಿಸಿದ.

ಎಡಗಡೆಯ ಅರ್ಧ ಕೆನೆಯ ಹಾಗೆ ನುಣ್ಣಗೆ ಕೂತಿತು. ಬಲಗಡೆ ಬಣ್ಣ ಹಿಂದಕ್ಕೆ ಸರಿಯಿತು. ನಾಲ್ಕು ಗುಳಿ, ಹತ್ತು ಗುಳಿ, ಆಮೇಲೆ ಎಣಿಸಲಾಗದಷ್ಟು.

"ಬಲಗಡೆ," ಎಂದಳು ಲಕ್ಷ್ಮೀದೇವಮ್ಮ. "ಬಲಗಡೆಗೇ ಸವರಿದ್ದು."

ಕೆಂಪರಾಜ್ ಕಂಪ್ರೆಸರ್ ಆರಿಸಿದ. ಚಿಕ್ಕಬೀರಪ್ಪ ಮೊಣಕಾಲೂರಿ ಕೂತು, ಮುಖವನ್ನು ಹತ್ತಿರ ತಂದು ಆ ಗುಳಿಗಳನ್ನು ನೋಡಿದ.

"ಒರೆಸಿದ್ರೂ ಹೋಗಿಲ್ಲ," ಎಂದ. "ಪ್ರೈಮರ್ ಒಳಗೆ ಇಳಿದುಬಿಟ್ಟಿದೆ." ಆಮೇಲೆ ತಲೆಯೆತ್ತಿ ಯಾರನ್ನೂ ನೋಡದೆ, "ಹಂಗಾದ್ರೆ ಅವತ್ತು ನಾನು ಒರೆಸಿದ್ದೆ" ಎಂದ. ಇನ್ನೊಮ್ಮೆ, ಸ್ವಲ್ಪ ಜೋರಾಗಿ, "ಒರೆಸಿದ್ದೆ ಕಣಮ್ಮ ವಾಣಿ" ಎಂದ. ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಬಾಯಿ ನಗುತ್ತಿತ್ತು.

ವೆಂಕಟರಾಯಪ್ಪ ಹೆಂಡತಿಯನ್ನು ಗುರಾಯಿಸಿದ. "ಲೇ, ಮೂರು ವಾರ ಬಾಯಿಗೆ ಏನು ತುರುಕ್ಕೊಂಡಿದ್ದೆ ನೀನು?" ಬೈಗುಳ ಇನ್ನೂ ಉದ್ದಕ್ಕೆ ಬಂತು. ಅವನು ಬೈದದ್ದರಿಂದ ಲಕ್ಷ್ಮೀದೇವಮ್ಮನಿಗೆ ಏನೂ ಅನ್ನಿಸಲಿಲ್ಲ. ಅವಳು ನೋಡುತ್ತಿದ್ದದ್ದು ಸೊಸೆಯನ್ನು.

ಚಿಕ್ಕಬೀರಪ್ಪ ಆಗಲೇ ಎದ್ದು ಕಾರಿನ ಬಾನೆಟ್ಟಿನ ಮೇಲೆ ಅಂಗೈ ಆಡಿಸುತ್ತಿದ್ದ. "ಅಳಿಯಂದ್ರೇ, ಈ ಪ್ರೈಮರ್‌ನೆಲ್ಲಾ ತಗಡಿನ ತನಕ ಕೆರೀಬೇಕು. ಸೋಪಿನ ನೀರು ಕಾಯ್ಸಿ. ಹೊಸ ಬಣ್ಣ ಮೇಲ್ಭಾಗಕ್ಕೆ ಮಾತ್ರ ತಂದ್ರೆ ಸಾಕು, ಬಾಗಿಲು ಹಂಗೇ ಇರ್ಲಿ. ಹನ್ನೆರಡು ದಿನ ಇದೆ. ಆಗುತ್ತೆ," ಎನ್ನುತ್ತಿದ್ದ. ಆ ದನಿಯನ್ನು ಮನೆಯವರು ಕೇಳಿ ಮೂರು ವಾರವಾಗಿತ್ತು.

ವಾಣಿಶ್ರೀ ಅಪ್ಪನನ್ನು ನೋಡಿದಳು, ಆಮೇಲೆ ಅತ್ತೆಯ ಹತ್ತಿರ ಬಂದಳು. ಜೋರಾಗಿ ಮಾತಾಡಲಿಲ್ಲ. ಜೋರು ಮಾಡಿದ್ದರೆ ಚೆನ್ನಾಗಿತ್ತೆಂದು ಲಕ್ಷ್ಮೀದೇವಮ್ಮನಿಗೆ ಅನ್ನಿಸಿತು.

"ನನ್ನ ಹೆಸರೇನು ಅಂತ ನಾನು ಅಪ್ಪನ್ನ ಕೇಳ್ದೆ. ನೀವು ಅಲ್ಲೇ ಕೂತಿದ್ರಿ, ಅತ್ತೆ."

"ಕೂತಿದ್ದೆ ಕಣಮ್ಮ," ಎಂದಳು ಲಕ್ಷ್ಮೀದೇವಮ್ಮ.